ನಡುವಿನ ಮನೆಯ ಕೋಳಿಸಾರು

ನನ್ನ ಮದುವೆ ಮಾತುಕತೆಯ ದಿನ ಪಿರಿಯಾಪಟ್ಟಣದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಒಂದು ಸುಳ್ಳು ಹೇಳಿದರು. ಗಂಡಿನ ಕಡೆಯವರು "ಹುಡ್ಗಿ ಏನ್ ಓದವ್ಳೆ?" ಎಂದು ಕೇಳಿದ್ದಕ್ಕೆ "ಬಿಸಿಎ ಮುಗ್ಸವ್ಳೆ" ಎಂದುಬಿಟ್ಟರು. ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನಾನು ಮುಗಿಸಿರಲಿಲ್ಲ. ಎಲ್ಲ ಪೇಪರೂ ಆಗಿದ್ದವು, ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಪರೀಕ್ಷೆ ಒಂದು ಮಾತ್ರ ಉಳಿದಿತ್ತು. ಪ್ರೋಗ್ರಾಮುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ನಡುವೆ ಒಂದು ಸಾಲು ಮರೆತುಹೋಯಿತು, ಕೈ ನಿಂತುಹೋಯಿತು. ಬಾಯಿಪಾಠದ ಗತಿಯೇ ಅಷ್ಟು.

"ಒಂದು ತಾನೆ, ಮದುವೆಯಾದ್ಮೇಲೆ ಬರ್ಕೊಂಡ್ರಾಯ್ತು" ಎಂದು ಅಪ್ಪ ಆಮೇಲೆ ಸಮಾಧಾನ ಹೇಳಿದರು. ಮದುವೆಯಾಗಿ ಹುಣಸೂರು ಕಡೆಯ ಕಟ್ಟೆಮಳಲವಾಡಿಗೆ ಬಂದೆ. ಬಂದ ವಾರದಲ್ಲೇ ಅತ್ತೆ ಬೀದಿಗೆಲ್ಲ "ನನ್ ಸೊಸೆ ಡಿಗ್ರಿ ಓದವ್ಳೆ" ಎಂದು ಹೇಳಿಯಾಗಿತ್ತು. ಇನ್ನು ಯಾವ ಬಾಯಲ್ಲಿ ಪರೀಕ್ಷೆಗೆ ಹೋಗುತ್ತೇನೆ ಎನ್ನಲಿ? ಹೀಗೇ ಒಂಬತ್ತು ವರ್ಷ ಕಳೆಯಿತು. ಬೀದಿಯ ಹೆಂಗಸರು ಮೊಬೈಲು ಹಿಡಿದುಕೊಂಡು ಬಂದು "ಡಿಗ್ರಿ ಓದಿರೋಳು, ಈ ಅರ್ಜಿ ಒಂಚೂರು ತುಂಬ್ಕೊಡವ್ವ" ಎನ್ನುತ್ತಿದ್ದರು. ತುಂಬಿಕೊಡುತ್ತಿದ್ದೆ. ಅರ್ಜಿ ತುಂಬಲು ಡಿಗ್ರಿ ಬೇಕಿಲ್ಲ, ಆದರೆ ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಮುದುಡಿದ ಹಾಗಾಗುತ್ತಿತ್ತು. ಕೆಲವು ಸಲ ಆ ಹೆಂಗಸರ ಮೇಲೆಯೇ ಸಿಡುಕುತ್ತಿದ್ದೆ. ಪಾಪ, ಅವರದೇನು ತಪ್ಪು?

ಈಚೆಗೆ ಒಂದು ದಿನ ಹಳೆಯ ಸಹಪಾಠಿಯೊಬ್ಬಳು ಮೊಬೈಲಿಗೆ ಒಂದು ಸುತ್ತೋಲೆ ಕಳಿಸಿದಳು. ನಮ್ಮ ಕಾಲದ ಹಳೆಯ ಪಠ್ಯಕ್ರಮದಲ್ಲಿ ವಿಷಯ ಉಳಿಸಿಕೊಂಡವರಿಗೆ ಇದೇ ಕೊನೆಯ ಅವಕಾಶ, ಇದರಲ್ಲೂ ಪಾಸಾಗದಿದ್ದರೆ ಇನ್ನು ಪರೀಕ್ಷೆ ಇಲ್ಲ. ಅಂದರೆ ಮೂರು ವರ್ಷ ಕೆ.ಆರ್. ನಗರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದಿದ್ದೆಲ್ಲ ಹೋಯಿತು, ಸುಳ್ಳು ಮಾತ್ರ ಸಾಯುವವರೆಗೂ ಉಳಿಯಿತು. ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಧ್ಯಾಹ್ನ ಯಾರಿಗೂ ಹೇಳದೆ ಪರೀಕ್ಷೆಗೆ ಹೆಸರು ಕೊಟ್ಟೆ.

ನನ್ನ ಗಂಡನಿಗೆ ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ನೀರಾವರಿಯ ಕೆಲಸ. ಎಚ್.ಡಿ. ಕೋಟೆ ಬಸ್ಸಿನಲ್ಲಿ ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಹಾಗಾಗಿ ಅವರ ಕಣ್ಣು ತಪ್ಪಿಸುವುದು ಕಷ್ಟವಿರಲಿಲ್ಲ. ಅತ್ತೆಯ ಕಣ್ಣು ತಪ್ಪಿಸುವುದು ಯಾರ ಕೈಯಲ್ಲೂ ಆಗುವ ಕೆಲಸವಲ್ಲ. ಮೊಬೈಲಿನಲ್ಲೇ ಪ್ರೋಗ್ರಾಮ್ ಬರೆದು ಓಡಿಸಬಹುದಾದ ಒಂದು ಆ್ಯಪ್ ಹಾಕಿಕೊಂಡು, ಮಧ್ಯಾಹ್ನದ ಹೊತ್ತು ಹಿತ್ತಲ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೆ. ಮೂರನೆಯ ದಿನವೇ ಅತ್ತೆ ಬೆನ್ನ ಹಿಂದೆ ಬಂದು ನಿಂತಿದ್ದರು.

"ಏನಮ್ಮಿ ಅದು, ಊಟ ಬುಟ್ಟು ಮೊಬೈಲ್ ಕುಟ್ತಾ ಕುಂತಿದ್ದೀಯ? ಯಾರ್ಗ್ ಬರೀತಿದ್ದೀಯ?"

ಆ ದನಿಯಲ್ಲಿದ್ದ ಅನುಮಾನ ಕೇಳಿ ನನಗೆ ನಗು ಬರಬೇಕಿತ್ತು. ಅಳು ಬಂತು. ಒಂಬತ್ತು ವರ್ಷದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅತ್ತೆ ಕೂಗಾಡಲಿಲ್ಲ. "ಅಂಗಾರೆ ನಿಮ್ಮಪ್ಪ ನಮ್ಗೆ ಸುಳ್ಳೇಳಿ ಕೊಟ್ರು ಅನ್ನು" ಎಂದರು ಅಷ್ಟೇ. ಆಮೇಲೆ ಎರಡು ದಿನ ನನ್ನೊಡನೆ ಮಾತಿಲ್ಲ. ಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು: "ಹಾಲು ಉಕ್ತಾ ಅದೆ." "ಕೋಳಿ ಒಳಿಕ್ ಬಂದದೆ." ಗೋಡೆಯ ಪರವಾಗಿ ನಾನು ಎದ್ದು ಹೋಗಿ ಹಾಲು ಇಳಿಸುತ್ತಿದ್ದೆ, ಕೋಳಿ ಓಡಿಸುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಅವರೇ ಬಂದು ಪಕ್ಕದಲ್ಲಿ ಕುಳಿತರು.

"ಅದ್ಯಾವ್ದೋ ಪರೀಕ್ಸೆ ಅಂದ್ಯಲ್ಲ, ಅದ್ರಲ್ಲಿ ಏನ್ ಕೇಳ್ತಾರೆ?"

"ನಿಮ್ಗೆ ತಿಳಿಯಲ್ಲ ಬುಡಿ ಅತ್ತೆ."

"ಬೀದೀಲೆಲ್ಲ ಸೊಸೆ ಡಿಗ್ರಿ ಅಂತ ಬಾಯ್ ಬಡ್ಕೊಂಡಿರೋಳು ನಾನು. ನಂಗ್ ತಿಳೀದಿದ್ರೆ ಇನ್ಯಾರ್ಗ್ ತಿಳೀಬೇಕು? ಯೋಳು."

ಹೇಳತೊಡಗಿದೆ. ಲಿಂಕ್ಡ್ ಲಿಸ್ಟ್ ಅಂತ ಇರುತ್ತದೆ. ಪಟ್ಟಿ, ಆದರೆ ಒಂದು ಹಾಳೆಯಲ್ಲಿ ಸಾಲಾಗಿ ಬರೆದ ಪಟ್ಟಿಯಲ್ಲ. ಒಂದೊಂದೂ ಒಂದೊಂದು ಕಡೆ ಇರುತ್ತದೆ. ಪ್ರತಿಯೊಂದಕ್ಕೂ ತನ್ನ ಮುಂದಿನದು ಎಲ್ಲಿದೆ ಅನ್ನುವುದಷ್ಟೇ ಗೊತ್ತು, ಒಟ್ಟು ಎಷ್ಟಿವೆ ಅನ್ನುವುದು ಯಾರಿಗೂ ಗೊತ್ತಿಲ್ಲ.  ಪುಸ್ತಕದ ಮಾತುಗಳೇ ಬರುತ್ತಿದ್ದವು, ಒಂದೂ ನನ್ನದಲ್ಲ.

"ನಮ್ ಮುಯ್ಯಾಳ್ ಇದ್ದಂಗೆ" ಎಂದರು ಅತ್ತೆ.

ಅದು ಹೊಗೆಸೊಪ್ಪಿನ ಕಾಲ. ಸೊಪ್ಪು ಕುಯ್ದ ದಿನವೇ ಕಡ್ಡಿಗೆ ಕಟ್ಟಿ, ಕಾವು ಕೊಟ್ಟು ಒಣಗಿಸುವ ಬ್ಯಾರನ್ನಿಗೆ ಏರಿಸಬೇಕು, ಒಂದು ಮನೆಯವರಿಂದ ಆಗುವುದಿಲ್ಲ. ಅದಕ್ಕೇ ನಮ್ಮ ಕೇರಿಯಲ್ಲಿ ಮುಯ್ಯಾಳು: ಇವತ್ತು ಎಲ್ಲರೂ ಸೇರಿ ನಿಮ್ಮ ಸೊಪ್ಪು ಕಟ್ಟುತ್ತೇವೆ, ನಾಳೆ ನೀವು ನಮ್ಮದಕ್ಕೆ ಬನ್ನಿ. ಯಾರ ಮನೆಯಾದ ಮೇಲೆ ಯಾರ ಮನೆ ಎನ್ನುವುದು ಅವರವರ ಸೊಪ್ಪು ಬಲಿತ ಹಾಗೆ ಮಾತಿನಲ್ಲೇ ಗೊತ್ತಾಗುತ್ತದೆ. ಎಲ್ಲಿಯೂ ಬರೆದಿಡುವುದಿಲ್ಲ. ಅತ್ತೆಯನ್ನು ಕೇಳಿ: "ನಮ್ದಾದ್ಮೇಲೆ ಮೂಲೆ ಮನೆಯವ್ರದ್ದು." ಮೂಲೆ ಮನೆಯಾದ ಮೇಲೆ? "ಅದ್ನ ಮೂಲೆ ಮನೆಯವ್ರ್‌ನೇ ಕೇಳು. ನಂಗೇನ್ ಗೊತ್ತು?"

ಒಂಬತ್ತು ವರ್ಷದಿಂದ ಸೊಪ್ಪು ಕಟ್ಟುತ್ತಿದ್ದೇನೆ. ಲಿಂಕ್ಡ್ ಲಿಸ್ಟಿನಲ್ಲಿ ನಾನೂ ಒಂದು ಮನೆಯಾಗಿ ಕುಳಿತಿದ್ದೆ, ಹೊಳೆದಿರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡರು; ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಸರಿ. ಅದ್ರಲ್ಲಿ ಏನ್ ಮಾಡೂ ಅಂತಾರೆ?"

"ತುಂಬಾ ಕೇಳ್ತಾರೆ. ತಿರುವಿ ಹಾಕು ಅಂತಾರೆ, ಒಂದ್ನ ಕಿತ್ತಾಕು ಅಂತಾರೆ. ನಡುವಿನದು ಯಾವ್ದು ಕಂಡ್ಹಿಡಿ ಅಂತಾರೆ. ನಾನು ಹೋದ ಸಲ ಎಡವಿದ್ದು ಅದ್ರಲ್ಲೇ."

ಅತ್ತೆಯ ಮುಖ ಬೆಳಗಿತು. "ಓ, ಕೋಳಿಸಾರಿನ ಮನೆ!"

ಇದು ನಮ್ಮ ಕೇರಿಯ ಕ್ರಮ. ಮುಯ್ಯಾಳಿನ ಸುತ್ತು ಅರ್ಧಕ್ಕೆ ಬಂದ ದಿನ ಯಾರ ಮನೆಯ ಸೊಪ್ಪು ಕಟ್ಟುತ್ತಾರೋ ಆ ಮನೆಯವರು ಎಲ್ಲರಿಗೂ ಮುದ್ದೆ, ಕೋಳಿಸಾರು ಹಾಕಬೇಕು. ಹಾಗಾಗಿ ನಡುವಿನ ಮನೆ ಯಾವುದೆಂಬುದು ಹೆಂಗಸರಿಗೆಲ್ಲ ಬಲು ಮುಖ್ಯವಾದ ವಿಷಯ. ಸುತ್ತು ಶುರುವಾಗುವ ಮೊದಲು ಒಬ್ಬರು ಮನೆಯಿಂದ ಮನೆಗೆ ಕೇಳುತ್ತಾ ಹೋಗಿ, ಒಟ್ಟು ಎಣಿಸಿ, ಮತ್ತೆ ಮೊದಲಿಂದ ಅರ್ಧದವರೆಗೆ ಬರುತ್ತಾರೆ. ಹಾಗೆ ಹೋಗುವವರು ಯಾವಾಗಲೂ ನನ್ನ ಅತ್ತೆಯೇ.

"ಎರಡು ಸಲ ಓಡಾಡೋ ಹಂಗಿಲ್ಲ ಅತ್ತೆ. ಒಂದೇ ಸಲಕ್ಕೆ ಕಂಡ್ಹಿಡೀಬೇಕು."

"ಅದೆಂಗಾದದು?"

ಒಳಗಿನಿಂದ ಹುಣಸೆ ಬೀಜ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಒಂದೊಂದು ಬೀಜ ಒಂದೊಂದು ಮನೆ. ಇಬ್ಬರೂ ಮೊದಲ ಮನೆಯಿಂದ ಹೊರಡುವುದು. ನಾನು ಒಂದೊಂದೇ ಮನೆ ಮುಂದಕ್ಕೆ, ಅತ್ತೆ ಎರಡೆರಡು ಮನೆ. ಅತ್ತೆ ಕೊನೆಯ ಮನೆ ಮುಟ್ಟಿದ ಹೊತ್ತಿಗೆ ನಾನು ಎಲ್ಲಿರುತ್ತೇನೋ ಅದೇ ನಡುವಿನ ಮನೆ. ಅತ್ತೆ ಬೆರಳಿಟ್ಟು ಎರಡೆರಡು ಬೀಜ ದಾಟಿದರು, ನಾನು ಒಂದೊಂದು. ಏಳು ಬೀಜದಲ್ಲಿ ಅವರ ಬೆರಳು ಏಳನೆಯದರ ಮೇಲೆ, ನನ್ನದು ನಾಲ್ಕನೆಯದರ ಮೇಲೆ. ಅತ್ತೆ ಮೂರು ಸಲ ಎಣಿಸಿ ನೋಡಿದರು. ಆಮೇಲೆ ಎಷ್ಟೋ ವರ್ಷ ವೃಥಾ ನಡೆದ ಕಾಲುಗಳನ್ನು ಒಮ್ಮೆ ನೀವಿಕೊಂಡು, "ಥೂ, ಇಷ್ಟೇನಾ!" ಎಂದರು.

ಅಲ್ಲಿಂದ ದಿನಾ ಮಧ್ಯಾಹ್ನ ನಮ್ಮಿಬ್ಬರದು ಇದೇ ಆಟ. ಅತ್ತೆ ಬೀಜ ಇಡುವರು, ನಾನು ಮೊಬೈಲಿನಲ್ಲಿ ಅಷ್ಟೇ ಸಂಖ್ಯೆ ಕೊಟ್ಟು ಪ್ರೋಗ್ರಾಮ್ ಓಡಿಸುವೆ. ಐದು, ಏಳು, ಒಂಬತ್ತು, ಹನ್ನೊಂದು. ಪ್ರತಿಸಲವೂ ಸರಿಯುತ್ತರ. ಒಮ್ಮೆ ನಾನು ಯಾವುದೋ ಯೋಚನೆಯಲ್ಲಿ ಎಂಟು ಬೀಜ ಇಟ್ಟಾಗ ಅತ್ತೆ ಗದರಿಸಿ ಇನ್ನೊಂದು ಸೇರಿಸಿದರು. "ಜೋಡಿ ಸಂಖ್ಯೆ ಇಡ್ಬ್ಯಾಡ ಕಣಮ್ಮಿ. ಎರಡ್ ನಡು ಬತ್ತವೆ, ಸಾರು ನೀವ್ ಮಾಡಿ ನೀವ್ ಮಾಡಿ ಅಂತ ಜಗ್ಳ ಆಯ್ತದೆ." ನಿಜವೇ. ಮುಯ್ಯಾಳಿಗೆ ಜೋಡಿ ಸಂಖ್ಯೆಯ ಮನೆಗಳು ಬಂದರೆ ಆಚೆ ಕೇರಿಯಿಂದ ಒಂದು ಮನೆ ಕರೆದು ಸೇರಿಸಿಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ನನಗೂ ಅದು ಸಹಜವೆನ್ನಿಸಿತು, ಒಂದು ಬೀಜ ಸೇರಿಸಿ ಮುಂದುವರಿದೆ.

ಪರೀಕ್ಷೆಯ ದಿನ ಬೀದಿಯಲ್ಲಿ "ಚಿಕ್ಕಮ್ಮಂಗೆ ಮೈಗೆ ಸರಿಯಿಲ್ಲ, ನೋಡ್ಕಂಡು ಬತ್ತೀನಿ" ಎಂದು ಹೇಳಿ ಕೆ.ಆರ್. ನಗರದ ಬಸ್ಸು ಹತ್ತಿದೆ. ಗಟ್ಟಿಮುಟ್ಟಾಗಿರುವ ಚಿಕ್ಕಮ್ಮನಿಗೆ ಕಾಯಿಲೆ ಬರಿಸಿದ ಪಾಪ ಬೇರೆ. ಹೊಸ ಪಠ್ಯಕ್ರಮದವರಿಗೂ ಅಂದೇ ಪರೀಕ್ಷೆ, ಲ್ಯಾಬಿನಲ್ಲಿ ಎಲ್ಲರೂ ನನಗಿಂತ ಹತ್ತು ವರ್ಷ ಚಿಕ್ಕವರು. ಒಬ್ಬಳು ನನ್ನನ್ನು ಮೇಡಂ ಎಂದುಕೊಂಡು ಎದ್ದು ನಿಂತಳು. ಕುಳಿತುಕೋ ತಾಯಿ, ನಾನೂ ನಿನ್ನ ಹಾಗೇ ಎಂದೆ.

ಚೀಟಿ ಎತ್ತಿದೆ. ಲಿಂಕ್ಡ್ ಲಿಸ್ಟ್ ರಚಿಸಿ, ಒಂದೇ ಬಾರಿ ಹಾದುಹೋಗಿ ನಡುವಿನ ಅಂಶ ಕಂಡುಹಿಡಿಯಿರಿ.

ನನ್ನ ಅದೃಷ್ಟಕ್ಕೆ ನನಗೇ ನಂಬಿಕೆ ಬರಲಿಲ್ಲ. ಬೇಗ ಬೇಗ ಬರೆದು ಮುಗಿಸಿದೆ. ಏಳು ಸಂಖ್ಯೆ ಕೊಟ್ಟೆ, ನಾಲ್ಕನೆಯದು ಬಂತು. ಕೈ ಎತ್ತಿದೆ. ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು, ಕನ್ನಡಕ ಹಣೆಯ ಮೇಲೇರಿಸಿಕೊಂಡ ಹಿರಿಯರು, ನಿಧಾನವಾಗಿ ಬಂದು ನಿಂತರು. "ನಾನು ಕೊಡ್ಲಾ?" ಎಂದು ಕೀಬೋರ್ಡ್ ಎಳೆದುಕೊಂಡು ಆರು ಸಂಖ್ಯೆ ಒತ್ತಿದರು.

ಉತ್ತರ ಬರಲಿಲ್ಲ. ಸೆಗ್ಮೆಂಟೇಶನ್ ಫಾಲ್ಟ್ ಎಂದು ಒಂದು ಸಾಲು ಬಂದು ಪ್ರೋಗ್ರಾಮ್ ಸತ್ತು ಬಿದ್ದಿತು.

"ನೋಡಿ, ಇನ್ನೂ ಟೈಮ್ ಇದೆ" ಎಂದು ಅವರು ಮುಂದಿನ ಮೇಜಿಗೆ ಹೋದರು.  ಒಂಬತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಹೀಗೇ ಕೈ ನಿಂತಿತ್ತು. ಎದ್ದು ಹೋಗಿಬಿಡೋಣ ಅನ್ನಿಸಿತು. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಈ ಸಲ ಬಾಯಿಪಾಠ ಮಾಡಿಕೊಂಡು ಬಂದವಳಲ್ಲ ನಾನು, ಪ್ರತಿ ಸಾಲೂ ಯಾಕಿದೆ ಎಂದು ಬಲ್ಲೆ. ಹಾಗಾದರೆ ಆರಕ್ಕೆ ಏನಾಯಿತು?

ಆರು ಎನ್ನುವ ಸಂಖ್ಯೆಯನ್ನು ನಾನು ಒಂದು ದಿನವೂ ಕೊಟ್ಟು ನೋಡಿರಲಿಲ್ಲ. ಆರನ್ನೂ ಇಲ್ಲ, ಎಂಟನ್ನೂ ಇಲ್ಲ, ಹತ್ತನ್ನೂ ಇಲ್ಲ. ಸಾರಿನ ಜಗಳ ತಪ್ಪಿಸಲು ಕೇರಿಯವರು ಮಾಡಿಕೊಂಡ ಕ್ರಮವನ್ನು ಕಂಪ್ಯೂಟರಿಗೂ ಹೊರಿಸಿಬಿಟ್ಟಿದ್ದೆ! ಅದಕ್ಕೇನು ಗೊತ್ತು, ಆಚೆ ಕೇರಿಯಿಂದ ಒಂದು ಮನೆ ಕರೆದುಕೊಳ್ಳಬೇಕೆಂದು? ಆ ಹೊತ್ತಿನಲ್ಲೂ ನಗು ಬಂದುಬಿಟ್ಟಿತು.

ಹಾಳೆಯ ಮೇಲೆ ಆರು ಚುಕ್ಕೆ ಇಟ್ಟೆ. ಎರಡೆರಡು ದಾಟುವ ಅತ್ತೆ ಒಂದರಿಂದ ಮೂರಕ್ಕೆ, ಮೂರರಿಂದ ಐದಕ್ಕೆ. ಐದರ ಮುಂದೆ ಇನ್ನೂ ಒಂದು ಮನೆಯಿದೆ, ಸರಿ ಎಂದು ಮತ್ತೆ ಎರಡು ದಾಟಿದರೆ ಎಲ್ಲಿ ಇಳಿಯುತ್ತಾರೆ? ಆರನ್ನೂ ದಾಟಿ ಊರಾಚೆಯ ಬಯಲಿಗೆ. ಅಲ್ಲಿ ಮನೆಯೇ ಇಲ್ಲ. ನನ್ನ ಪ್ರೋಗ್ರಾಮ್ ಆ ಬಯಲಿನಲ್ಲಿ ನಿಂತು "ನಿಮ್ಮ ಮುಂದಿನ ಮನೆ ಯಾವುದು?" ಎಂದು ಕೇಳುತ್ತಿತ್ತು. ಉತ್ತರಿಸಲು ಯಾರಿದ್ದಾರೆ? ಸತ್ತು ಬೀಳದೆ ಏನು ಮಾಡೀತು?

ತಾನು ನಿಂತಲ್ಲಿ ಮನೆ ಇದೆಯೋ ಇಲ್ಲವೋ ಎಂಬ ಪರೀಕ್ಷೆಯನ್ನೂ ಸೇರಿಸಿದೆ. ಓಡಿಸಿದೆ. ಮತ್ತೆ ಅದೇ ಸಾಲು, ಮತ್ತೆ ಸತ್ತಿತು.  ಪಕ್ಕದ ಹುಡುಗಿಯ ಕೆಲಸ ಮುಗಿದು ಅವಳು ಎದ್ದು ಹೋದಳು. ಬರೆದದ್ದನ್ನು ಎಡದಿಂದ ಬಲಕ್ಕೆ ಒಂದೊಂದೇ ಪದ ಓದಿದೆ. ಮುಂದಿನ ಮನೆ ಇದೆಯೇ ಎಂದು ಮೊದಲು ಕೇಳಿ, ನಿಂತಲ್ಲಿ ಮನೆ ಇದೆಯೇ ಎಂದು ಆಮೇಲೆ ಕೇಳಿದ್ದೆ. ಪ್ರಶ್ನೆಗಳು ಅದಲುಬದಲಾಗಿದ್ದವು. ಮೊದಲು ನಿಂತ ನೆಲ ನೋಡಿಕೊಳ್ಳಬೇಕು, ಆಮೇಲೆ ಮುಂದಿನದು. ಎರಡನ್ನೂ ತಿರುಗಿಸಿ ಬರೆದೆ.

ಆರು ಕೊಟ್ಟೆ. ನಾಲ್ಕನೆಯದು ಬಂತು. ಎಂಟು ಕೊಟ್ಟೆ, ಐದನೆಯದು. ಎರಡು ಕೊಟ್ಟೆ. ಒಂದು ಕೊಟ್ಟೆ. ಹುಚ್ಚು ಹಿಡಿದವಳ ಹಾಗೆ ಕೊಡುತ್ತಲೇ ಹೋದೆ, ಎಲ್ಲಿಯೂ ಸಾಯಲಿಲ್ಲ. 

ಪರೀಕ್ಷಕರು ಮತ್ತೆ ಬಂದರು. "ಆರರಲ್ಲಿ ನಡುವೆ ಮೂರನೆಯದೂ ಇದೆ, ನಾಲ್ಕನೆಯದೂ ಇದೆ. ನಿಮ್ದು ಯಾಕೆ ನಾಲ್ಕನೆಯದು ಕೊಡ್ತು?"

"ಸರ್, ಮುಂದೆ ಓಡೋದು ಪಟ್ಟಿ ದಾಟಿ ಹೋಗೋವರೆಗೂ ಬಿಟ್ಟಿದ್ದೀನಿ, ಅದಕ್ಕೆ ಹಿಂದಿನದು ಒಂದು ಹೆಜ್ಜೆ ಜಾಸ್ತಿ ಇಡ್ತದೆ. ಒಂದು ಹೆಜ್ಜೆ ಮೊದ್ಲೇ ನಿಲ್ಲಿಸಿದ್ರೆ ಮೂರನೆಯದು ಸಿಗ್ತದೆ."

"ಮೊದಲು ಯಾಕೆ ಕ್ರ್ಯಾಶ್ ಆಯ್ತು?"

ಹೇಳಿದೆ. ಮುಯ್ಯಾಳು, ಕೋಳಿಸಾರು, ಜೋಡಿ ಸಂಖ್ಯೆಗೆ ಒಂದು ಮನೆ ಸೇರಿಸುವುದು, ಎಲ್ಲ ಬಾಯಿಗೆ ಬಂದ ಹಾಗೆ ಹೇಳಿಬಿಟ್ಟೆ. ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ಸರಿಯಾಗಿ ನೋಡಿದರು. "ನಮ್ಮೂರಲ್ಲೂ ಮುಯ್ಯಾಳಿದೆ ಕಣಮ್ಮ. ಸಾರು ಮಾತ್ರ ಕೊಡಲ್ಲ" ಎಂದು ನಕ್ಕು, ಹಾಳೆಯ ಮೇಲೆ ಏನೋ ಬರೆದುಕೊಂಡು ಹೋದರು.

ಕೆಲವು ವಾರಗಳ ನಂತರ ಫಲಿತಾಂಶ ಬಂತು. ಆವತ್ತು ನಮ್ಮದೇ ಸೊಪ್ಪು ಕಟ್ಟುವ ಸರದಿ, ಅಂಗಳದ ತುಂಬ ಹೆಂಗಸರು. ಅಂಟು ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಮೊಬೈಲ್ ತೆರೆದೆ. ಪಾಸ್. ಮೂರು ಸಲ ಮುಚ್ಚಿ ತೆರೆದು ನೋಡಿದೆ, ಪಾಸೇ. ಕೂಗಿಕೊಳ್ಳಬೇಕೆನ್ನಿಸಿತು, ಆದರೆ ಅವರೆಲ್ಲರ ಲೆಕ್ಕದಲ್ಲಿ ನಾನು ಯಾವಾಗಲೋ ಪಾಸಾದವಳು. ಅತ್ತೆಯ ಕಡೆ ನೋಡಿ ತಲೆಯಾಡಿಸಿದೆ. ಅವರು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗದವರ ಹಾಗೆ ಮತ್ತೆ ಸೊಪ್ಪು ಕಟ್ಟತೊಡಗಿದರು. ಆ ಕಡ್ಡಿಯ ಗಂಟುಗಳೆಲ್ಲ ಸಡಿಲವಾಗಿದ್ದವು, ಆಮೇಲೆ ನಾನೇ ಬಿಚ್ಚಿ ಕಟ್ಟಿದೆ.

ಹೆಂಗಸರು ಹೋದ ಮೇಲೆ ಅತ್ತೆ ಹೇಳಿದರು: "ಆಯ್ತಲ್ಲ, ಬುಡು. ಇನ್ ಯಾರ್ಗೂ ಯೋಳ್‌ಬ್ಯಾಡ. ಅವನ್ಗೂ ಬ್ಯಾಡ. ಸುಮ್ನೆ ಯಾಕ್ ಕೆದಕ್ತೀಯ?"

ಎರಡು ದಿನ ಅದನ್ನೇ ಯೋಚಿಸಿದೆ. ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಸುಳ್ಳು ಈಗ ನಿಜವಾಗಿತ್ತು. ಆದರೂ ಶನಿವಾರ ಸಂಜೆ ಗಂಡ ಕಾಲು ತೊಳೆದುಕೊಂಡು ಬಂದು ಕಾಫಿ ಹಿಡಿದಾಗ ಎದುರಿಗೆ ಕುಳಿತು ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಅಂದ್ರೆ ಇಷ್ಟು ವರ್ಸ ನಿಂಗೆ ಡಿಗ್ರಿ ಇರ್ಲಿಲ್ಲ."

"ಇರ್ಲಿಲ್ಲ. ಈಗ ಅದೆ."

"ಅವ್ವಂಗ್ ಗೊತ್ತಾ?"

"ಈಗೀಗ ಗೊತ್ತಾಯ್ತು."

"ನಂಗೊಬ್ಬಂಗೇ ಗೊತ್ತಿರ್ಲಿಲ್ಲ ಅನ್ನು. ಯಾಕೆ, ಯೋಳಿದ್ರೆ ನಾನೇನ್ ಕಚ್ತಿದ್ನಾ?"

 ಅವರಿಗೆ ನೋವಾಗಿತ್ತು, ಡಿಗ್ರಿಯದಲ್ಲ, ಹೇಳದೇ ಇದ್ದದ್ದರದು. ಎದ್ದು ಹೊಲದ ಕಡೆ ಹೋದರು. ಕತ್ತಲಾದ ಮೇಲೆ ಊಟಕ್ಕೆ ಬಂದರು. ಅತ್ತೆ ನನ್ನನ್ನು ಕಣ್ಣಲ್ಲೇ ಬೈಯುತ್ತಿದ್ದರು. ಆದರೂ ನಿಜ ಹೇಳುತ್ತೇನೆ, ಆ ಮನೆಗೆ ಬಂದ ಮೇಲೆ ಅಷ್ಟು ಹಗುರಾಗಿ ನಾನು ಊಟ ಮಾಡಿದ್ದು ಅವತ್ತೇ. ಎರಡನೆಯ ಮುದ್ದೆ ಹಾಕಿಸಿಕೊಂಡೆ.

ಮುದ್ದೆ ಮುರಿಯುತ್ತಲೇ ಅವರು ಕೇಳಿದರು, ತಲೆಯೆತ್ತದೆ: "ಮಾರ್ಕ್ಸ್ ಕಾರ್ಡ್ ಯಾವಾಗ ಕೊಡ್ತಾರೆ?"

"ಸೋಮವಾರದಿಂದ ಬಂದು ಇಸ್ಕೊಳ್ಳಿ ಅಂದವ್ರೆ. ಕೆ.ಆರ್. ನಗರದಲ್ಲಿ."

"ಒಂದಿನ ರಜ ಹಾಕ್ತೀನಿ. ನಾನೂ ಬತ್ತೀನಿ."

ಸೋಮವಾರ ಬೆಳಿಗ್ಗೆ ಬೈಕಿನಲ್ಲಿ ಇಬ್ಬರೂ ಹೊರಟೆವು. ಮೂಲೆ ಮನೆಯಾಕೆ ಬೀದಿ ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದರು, ಸುತ್ತ ಇನ್ನೂ ನಾಲ್ಕೈದು ಹೆಂಗಸರು. "ಏನ್ ಗಂಡ ಹೆಂಡ್ತಿ ಇಬ್ರೂ ಬೆಳಿಗ್ಗೇನೇ ಹೊಂಟ್ರಿ? ಚಿಕ್ಕಮ್ಮಂಗೆ ಇನ್ನೂ ವಾಸಿಯಾಗ್ಲಿಲ್ವಾ?" ಎಂದರು. ನನ್ನ ಗಂಡ ಬೈಕು ನಿಲ್ಲಿಸಿದರು. ಏನೋ ಒಂದು ಹೇಳಿ ನನ್ನನ್ನು ಕಾಪಾಡಲು ಬಾಯಿ ತೆರೆದಿದ್ದರು. ನಾನೇ ಇಳಿದೆ.

"ಚಿಕ್ಕಮ್ಮ ಚೆನ್ನಾಗವ್ರೆ ಕಣಕ್ಕ. ನನ್ ಡಿಗ್ರಿ ಮಾರ್ಕ್ಸ್ ಕಾರ್ಡ್ ತರಕ್ ಹೋಯ್ತಾ ಇವ್ನಿ. ಇದುವರ್ಗೂ ಪಾಸಾಗಿರ್ಲಿಲ್ಲ, ಈ ವರ್ಸ ಆದೆ."